ಸೊನ್ನೆಯ ಕೆಳಗೆ

ರಾತ್ರಿ ಒಂದೂವರೆ. ಬೈತಖೋಲ್ ಬಂದರಿನ ಐಸ್ ಫ್ಯಾಕ್ಟರಿ.
ಮೀನಿನ ಕ್ರೇಟು ಕವುಚಿ ಅದರ ಮೇಲೆ ಲ್ಯಾಪ್‌ಟಾಪು,
ಗೋಡೆಯ ತಗಡು ಪೆಟ್ಟಿಗೆಯೊಳಗೆ ಕಂಟ್ರೋಲರು,
ನಡುವೆ ಮೂರು ಮೀಟರು ನೀಲಿ ಕೇಬಲ್ಲು.
ಮೂರೇ ಮೀಟರು. ಪಿಸುಗುಟ್ಟಿದರೂ ಕೇಳುವ ದೂರ.
ಪಿಂಗ್ ಕಳಿಸುತ್ತೇನೆ.
ಉತ್ತರ ಇಲ್ಲ.
ಉತ್ತರ ಇಲ್ಲ.
ಉತ್ತರ ಇಲ್ಲ.
ನಾಲ್ಕನೆಯದಕ್ಕೆ ಕಾಯುವಾಗ ಮೂಗಿಗೆ ಅಮೋನಿಯ.

ಇಲ್ಲಿ ಬೆಂಕಿ ಗೀರುವಂತಿಲ್ಲ; ಖೇಮು ತಾಂಡೇಲ
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನಿಂತಿದ್ದಾನೆ.
ಇಪ್ಪತ್ತಾರು ವರ್ಷ ಈ ಕಂಪ್ರೆಸರಿನ ಕೆಮ್ಮು ಕೇಳಿದವನು.
ಮಾಲಕರಿಗೆ ಇನ್ನು ಮನೆಯಲ್ಲೇ ಕೂತು ಚಳಿ ನೋಡಬೇಕಂತೆ,
ಅದಕ್ಕೇ ಅಂಕೋಲೆಯಿಂದ ನಾನು.
“ಎಂತ ತಂಗೀ, ಮಾತಾಡ್ತದಾ?”
“ಇನ್ನೂ ಇಲ್ಲ.”
“ಗುರುತು ಪರಿಚಯ ಬೇಡ್ವಾ ಅದಕ್ಕೂ.”

ಮೊದಲು ಕೇಬಲ್ಲಿನ ತುದಿ ನೋಡಿದೆ. ಕಡಲಗಾಳಿ
ಎಂಟೂ ಹಲ್ಲಿಗೆ ಹಸಿರು ಕಿಲುಬು ಹಚ್ಚಿತ್ತು.
ಕತ್ತರಿಸಿದೆ. ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ,
ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು:
ಮಗ್ಗಿಯ ಹಾಗೆ ನಿದ್ದೆಯಲ್ಲೂ ಬಾಯಿಗೆ ಬರುವ ಬಣ್ಣ.
ಹೊಸ ತಲೆ ಒತ್ತಿದೆ. ದೀಪ ಮಿಟುಕಿತು.
ತಂತಿ ಸರಿ. ಮಾತು ಮಾತ್ರ ಇಲ್ಲ.

ಹಾಗಾದರೆ ವಿಳಾಸ.
ಹಳೆಯ ಎಂಜಿನಿಯರು ಅಂಟಿಸಿದ ಚೀಟಿಯನ್ನು ಉಪ್ಪು ತಿಂದಿದೆ.
ಖೇಮು ಐಸಿನ ಲೆಕ್ಕದ ಪುಸ್ತಕ ತಂದ. ಹಿಂದಿನ ರಟ್ಟಿನಲ್ಲಿ
ಯಾವುದೋ ಬೋಟಿನ ನಲವತ್ತು ಬ್ಲಾಕು ಬಾಕಿ,
ಅರ್ಧ ಡ್ರಮ್ಮು ಎಣ್ಣೆ, ಅವೆರಡರ ನಡುವೆ
೧೯೨, ೧೬೮, ೦, ೧೦.
“ಅವನೇ ಬರೆದಿಟ್ಟದ್ದು. ಲಾಟರಿ ನಂಬರು ಅಂತ ಮಾಡಿದ್ದೆ.”

ನನ್ನದು ೧೯೨, ೧೬೮, ೧.
ಊರು ಅದೇ, ಕೇರಿ ಬೇರೆ.
ಕೇರಿ ಬೇರೆಯಾದರೆ ಎದುರಿಗೇ ಕೂತರೂ ಕೂಗು ಮುಟ್ಟುವುದಿಲ್ಲ.
ಯಂತ್ರಕ್ಕೆ ಇದನ್ನು ಕಲಿಸಿದವರು ಯಾರೋ.
ಒಂದನ್ನು ಅಳಿಸಿ ಸೊನ್ನೆ ಮಾಡಿದೆ,
ಕೊನೆಗೆ ಹನ್ನೊಂದು ಇಟ್ಟುಕೊಂಡು ಪಕ್ಕದ ಮನೆಯವಳಾದೆ.

ಉತ್ತರ ಬಂತು.
ಒಂದು ಮಿಲಿಸೆಕೆಂಡು.

ಖೇಮು ಬಗ್ಗಿ ನೋಡಿದ. ತೆರೆಯ ಮೇಲೆ
ಉಪ್ಪುನೀರಿನ ತೊಟ್ಟಿಯ ಉಷ್ಣತೆ: ೬೫೪೫.೬ ಡಿಗ್ರಿ.
ಬೈತಖೋಲಿನಲ್ಲಿ ಐಸು ಕಟ್ಟುವ ನೀರು
ಸೂರ್ಯನ ಮೈಗಿಂತ ಬಿಸಿ.

ಅವನು ನಗಲಿಲ್ಲ. ಮರದ ಮುಚ್ಚಳ ಸರಿಸಿ
ತೋರುಬೆರಳು ಅದ್ದಿ, ಕಣ್ಣು ಮುಚ್ಚಿ, ತೆಗೆದ.
“ಎಂಟು. ಸೊನ್ನೆಯ ಕೆಳಗೆ ಎಂಟು.
ಸೊನ್ನೆಯ ಕೆಳಗೂ ಜಾಗ ಉಂಟು ಅಂತ ಗೊತ್ತಿಲ್ವಾ ಇದಕ್ಕೆ?”
ಗೋಡೆಯ ಮೇಲಿನ ಭರತ ಇಳಿತದ ಪಟ್ಟಿಗೆ ಅದೇ ಒದ್ದೆ ಬೆರಳು ಊರಿದ:
“ನೋಡು, ವರ್ಷದಲ್ಲಿ ನಾಕೈದು ಬೆಳಗು
ಕಡಲೇ ಇಳೀತದೆ ಸೊನ್ನೆಯ ಕೆಳಗೆ.
ಅವತ್ತು ಮಾತ್ರ ಕಾಣೋ ಬಂಡೆ ಉಂಟು.
ಕಲ್ವ ತೆಗೀಲಿಕ್ಕೆ ನಮ್ಮ ಆಯಿ ಅವತ್ತೇ ಹೋಗೋದು.”

ನನಗೆ ಹೊಳೆಯಿತು. ಹದಿನಾರು ಕೋಣೆಯ ಆ ಸಾಲಿನಲ್ಲಿ
ಮೊದಲ ಕೋಣೆಯಲ್ಲಿ ಕೂತದ್ದು ಕೆಳಗೆಂಬ ಗುರುತು,
ನಾನು ಅದನ್ನೂ ದುಡ್ಡಿನ ಹಾಗೆ ಕೂಡಿಬಿಟ್ಟಿದ್ದೆ.
ಋಣವೂ ಇರಬಹುದು ಎಂಬ ಚೌಕಕ್ಕೆ ಒಂದು ಟಿಕ್ಕು.
−೮.೦.

ಪುಟ್ಟ ಅಡ್ಡಗೆರೆ. ಇಬ್ಬರೂ ಅದನ್ನೇ ನೋಡಿದೆವು.

ಆಮೇಲೆ ಪ್ರತಿ ಸೆಕೆಂಡಿಗೂ ಇದು ಕೇಳುತ್ತದೆ, ಅದು ಹೇಳುತ್ತದೆ.
−೮.೦. −೮.೦. −೮.೧.
“ಇನ್ನು ನನ್ನ ಬೆರಳಿಗೆ ರಜೆ,” ಅಂದ ಖೇಮು,
ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.
ಮುಚ್ಚಳ ಹಾಕುವ ಮುಂಚೆ ಇನ್ನೊಮ್ಮೆ ಅದ್ದಿದ.
“ಎಂಟೂ ಚಿಲ್ಲರೆ.”

ಜೆಟ್ಟಿಯಲ್ಲಿ ಮೊದಲ ಬೋಟಿನ ಎಂಜಿನ್ನು.
ಯಾರೋ ಕೂಗಿದರು: ಬಂಗಡೆ, ಇನ್ನೂರು ಬ್ಲಾಕು ಬೇಕು.
ಅವನು ರಟ್ಟಿನ ಮೇಲೆ, ಲಾಟರಿ ನಂಬರಿನ ಪಕ್ಕ,
ನನ್ನ ಹನ್ನೊಂದನ್ನೂ ಬರೆದುಕೊಂಡು
ಬೀಡಿ ಹಚ್ಚಲು ಹೊರಗೆ ಹೋದ.