ಸರಿಸಿ ನೋಡು

ಮೊದಲ ಗೆರೆ ಬಂದದ್ದು ತೇಜಸ್ವಿನಿಯ ಬೈತಲೆಯ ಮೇಲೆ,
ಹಸಿರು, ಕೂದಲೆಳೆಯಷ್ಟು.
ದಂಡೆಯಿಂದ ಉದುರಿದ ಮರುಗದ ಎಳೆ ಇರಬೇಕೆಂದು
ಮೌಸಿನಿಂದ ಒರೆಸಿದೆ. ಹೋಗಲಿಲ್ಲ.
ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.
ಉಂಡು ಬರುವಷ್ಟರಲ್ಲಿ ಮಂಟಪದ ತುಂಬ ಗೆರೆ,
ಅಯ್ಯನೋರಿಗೂ, ಪಾಯಸದ ಕೊಳಗಕ್ಕೂ.

ಅತ್ತೆ ಬಂದು ಡಬ್ಬಿಯ ತಲೆಗೆ ಎರಡು ಬಡಿದರು,
ಹಳೇ ಟಿವಿಗೆ ಬಡಿಯುತ್ತಿದ್ದ ಹಾಗೇ.
ಒಂದು ಕ್ಷಣ ಸರಿಹೋಯಿತು ಕೂಡ.
ಆ ಒಂದು ಕ್ಷಣಕ್ಕೆ ಇವತ್ತಿಗೂ ಬೀಗುತ್ತಾರೆ.

ಫೋನಿನಲ್ಲಿ ಸ್ಟುಡಿಯೋದ ಪಾಪಣ್ಣ:
"ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕವ್ವಾ, ನಲವತ್ತು ಶೀಟು,
ಹುಡುಗಿ ಅಪ್ಪ ಎರಡು ಸಲ ಬಂದು ಹೋದ."

ತೆರೆಯ ಪಟ ಹಿಡಿದು ನಾದಿನಿಗೆ ಕಳಿಸಿದೆ.
"ಎಲ್ಲೈತಿ ಗೆರಿ? ಚಂದಾಗೈತಲ್ಲ" ಅಂದಳು.
ಹಾಗಾದರೆ ಅದು ಚಿತ್ರದ್ದಲ್ಲ,
ಚಿತ್ರಕ್ಕೂ ನನ್ನ ಕಣ್ಣಿಗೂ ನಡುವೆ ಎಲ್ಲೋ ಇರುವಂಥದ್ದು.

ಕೇಬಲ್ ಕಿತ್ತು ಊದಿ ಹಾಕಿದೆ.
ಡ್ರೈವರ್ ತೆಗೆದು ಮತ್ತೆ ತುಂಬಿದೆ.
ಪಕ್ಕದ ಮನೆಯ ಟಿವಿಯನ್ನೇ ಹೊತ್ತು ತಂದೆವು;
ಧಾರಾವಾಹಿಯ ಹೊತ್ತು, ಮನೆಮಂದಿಯೆಲ್ಲ ಅದರ ಹಿಂದೆಯೇ ಬಂದರು.
ಅಷ್ಟಗಲದ ಟಿವಿಯಲ್ಲೂ ಅವೇ ಗೆರೆ, ಇನ್ನೂ ದಪ್ಪ.
"ಊರ ಹೆಸರಿನೊಳಗೇ ಗೆರೆ ಐತಿ,
ಕಂಪ್ಯೂಟರಿಗೆ ಬ್ಯಾಡಂದ್ರೆ ಹೆಂಗೆ?"
ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ.

ದಾದಾಪೀರ್ ಬಂದದ್ದು ರಾತ್ರಿ ಒಂಬತ್ತಕ್ಕೆ,
ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು.
ತಗಡು ಬಿಚ್ಚಿ ಕಾರ್ಡು ಎಳೆದು ಊದಿದ.
ಕರಿ ಧೂಳು ಎದ್ದು ಅವನ ಗಡ್ಡದಲ್ಲಿ ಕೂತಿತು.
ಚಿಟಿಕೆ ತಿಕ್ಕಿ ಮೂಸಿದ:
"ಭಟ್ಟಿ ಬೂದಿ ರೀ. ಹೊಟ್ಟಿಂದು.
ಮಂಡಕ್ಕಿ ಓಣ್ಯಾಗ ಬಿಚ್ಚಿದ ಡಬ್ಬಿಗೆಲ್ಲ ಇದೇ."

ನಸುಕಿಗೇ ಹೊತ್ತಿಕೊಳ್ಳುತ್ತದೆ ಎದುರು ಸಾಲು.
ಕಾದ ಮರಳಿಗೆ ಬಿದ್ದ ಅಕ್ಕಿ
ಎಣಿಸುವಷ್ಟರಲ್ಲಿ ಅರಳಬೇಕು, ತಡೆದರೆ ಕರಕಲು.
ಮೂವತ್ತು ವರ್ಷ ಅಲ್ಲಿ ಜರಡಿ ಹಿಡಿದ ಅತ್ತೆ
ಬಾಗಿಲಲ್ಲೇ ನಿಂತು ಅಂದರು:
"ಅದಕ್ಕೆ ಉಸಿರು ಕಟ್ಟೈತಿ, ಅಷ್ಟೇಯ."
ತೊಂಬತ್ತೆರಡು ಡಿಗ್ರಿ ತೋರಿಸುತ್ತಿತ್ತು.

ಮಗನ ರಬ್ಬರಿನಿಂದ ಕಾರ್ಡಿನ ಹಲ್ಲು ಉಜ್ಜಿದ,
ಅಕ್ಕಿಕಾಳಿನಷ್ಟು ಪೇಸ್ಟು ಇಟ್ಟ,
ಸಿಕ್ಕಿಕೊಂಡಿದ್ದ ಫ್ಯಾನಿಗೆ ಹೊಲಿಗೆಯಂತ್ರದ ಎಣ್ಣೆ ಒಂದೇ ತೊಟ್ಟು.
ಗೆರೆ ಕಡಿಮೆಯಾದವು. ಹೋಗಲಿಲ್ಲ.
"ಒಳಗೇ ಎಲ್ಲೋ ಸುಟ್ಟೈತಿ. ಇವತ್ತು ದಾಟಿಸ್ತತಿ.
ನಾಳೆ ನನ್ನ ಕೇಳಬ್ಯಾಡ್ರಿ."
ಟೇಬಲ್ ಫ್ಯಾನನ್ನು ತೆರೆದ ಡಬ್ಬಿಯ ಕಡೆ ತಿರುಗಿಸಿ ಹೋದ.

ಫ್ಯಾನಿನ ಗಾಳಿಯೆಲ್ಲ ಅದಕ್ಕೆ. ನಾನು ಬೆವರುತ್ತ
ಜಾಲರಿಯ ಹಿಂದಿನಿಂದ ಮದುವೆ ನೋಡುವವಳ ಹಾಗೆ ಕೂತೆ.
ಇದು ಯಂತ್ರದ್ದು, ಬಿಡು. ಇದು ಮೊಡವೆ, ಅಳಿಸು.
ಇದು ಯಂತ್ರದ್ದು. ಇದು ನಿರಿಗೆ.
ಮೂರು ಗಂಟೆಯ ಮೇಲೆ
ಯಾವುದನ್ನು ಬಿಟ್ಟೆ ಯಾವುದನ್ನು ಅಳಿಸಿದೆ
ಕೈಗೇ ಗೊತ್ತು.

ಎಂಟನೇ ದಿನ ತೇಜಸ್ವಿನಿಯೇ ಬಂದಳು,
ಮದರಂಗಿ ಮಾಸುತ್ತಿದ್ದ ಕೈಯಲ್ಲಿ ಆಲ್ಬಂ ಹೊತ್ತು.
ಹದಿನೇಳನೇ ಶೀಟು. ಧಾರೆ ಎರೆಯುವ ಅಪ್ಪ.
"ಅಪ್ಪನ ಕೆನ್ನೆ ಮೇಲಿಂದು ಎಲ್ಲಿ ಹೋತು?"
"ಏನು?"
"ಗೆರಿ. ಭಟ್ಟ್ಯಾಗ ಸುಟ್ಟಿದ್ದು. ನಾ ಹುಟ್ಟೋಕಿಂತ ಮೊದಲಿಂದು."
ಜಗಳಕ್ಕೆ ಬಂದವಳಲ್ಲ.
"ಹಿಂಗೆ ನೋಡಿದ್ರೆ ಯಾರೋ ಬೀಗರ ಪೈಕಿ ಕಾಣ್ತಾನೆ" ಎಂದು ನಕ್ಕಳು,
ಬೆರಳು ಮಾತ್ರ
ಆ ನುಣುಪು ಕೆನ್ನೆಯ ಮೇಲಿಂದ ತೆಗೆಯಲಿಲ್ಲ.

ಮೂಲ ಫೋಟೊ ಹುಡುಕಿ ಕೆನ್ನೆ ವಾಪಸು ತಂದೆ.
ಶೀಟಿನ ಖರ್ಚು ನನ್ನದೇ.

ಈಗಿರುವುದು ಬೇರೆ ಕಾರ್ಡು, ಸೆಕೆಂಡ್‌ಹ್ಯಾಂಡ್.
ಪೇಂಟಿನ ಬ್ರಷ್ಷಿನಲ್ಲಿ ವಾರಕ್ಕೊಮ್ಮೆ ಬೂದಿ ಗುಡಿಸುತ್ತೇನೆ.
ಯಾರದೇ ಮುಖದ ಮೇಲೆ ಗೆರೆ ಕಂಡರೆ
ಅಳಿಸುವ ಮುಂಚೆ ಚಿತ್ರವನ್ನು ಒಂದಿಂಚು ಸರಿಸುತ್ತೇನೆ.
ನಿಂತಲ್ಲೇ ನಿಂತರೆ ಯಂತ್ರದ್ದು.
ಮುಖದ ಜೊತೆ ತಾನೂ ಸರಿದರೆ
ಮೌಸಿನಿಂದ ಕೈ ತೆಗೆಯುತ್ತೇನೆ.

ಅತ್ತೆ ಮಾತ್ರ ಈಗಲೂ ಹಾದುಹೋಗುವಾಗ
ಡಬ್ಬಿಗೆ ಒಂದು ತಟ್ಟಿಯೇ ಹೋಗುತ್ತಾರೆ.