ಬೀರುವಿನ ರುಚಿ

ಮೊದಲ ಸಲ ನಾ ಮಾಡಿದ ಬಿಸ್ಕತ್ತನ್ನು
ನೀವು ಉಗುಳಲಿಲ್ಲ, ದೋಬ್ರಿಲಾ.
ನಿಧಾನ ಜಗಿದಿರಿ, ಈ ದವಡೆಯಿಂದ ಆ ದವಡೆಗೆ,
ನೀರು ಕುಡಿದು, ಲೋಟ ಬೋರಲು ಹಾಕಿ
"ಬೀರು ತಿಂದ ಹಾಗಾಯಿತು" ಅಂದಿರಿ.

ನಾನು ಸಾವಾ ನದಿಯ ಬಯಲಿನವಳು,
ಮುಸುಕಿನ ಜೋಳದ ನಡುವೆ, ಹಂದಿಕೊಬ್ಬಿನ ಘಮದಲ್ಲಿ ಬೆಳೆದವಳು.
ಮದುವೆಯಾಗಿ ಹ್ವಾರ್ ದ್ವೀಪಕ್ಕೆ ಬಂದ ದಿನ
ಹಡಗಿನ್ನೂ ದಡ ಮುಟ್ಟಿರಲಿಲ್ಲ,
ಲ್ಯಾವೆಂಡರ್ ಬಂದು ಮೂಗು ಹಿಡಿದಿತ್ತು.
ಇಷ್ಟು ಪರಿಮಳ ಹೊಸ್ತಿಲವರೆಗೆ ಬಂದು
ಒಲೆಯ ತನಕ ಯಾಕೆ ಬರಬಾರದು ಅನ್ನಿಸಿ
ಒಂದು ಹಿಡಿ, ತುಂಬು ಹಿಡಿ, ಬೆಣ್ಣೆಗೆ ಕಲಸಿದ್ದೆ.

ಈ ಮನೆಯಲ್ಲಿ ಅದಕ್ಕೆ ಬೇರೆ ಚಾಕರಿಯಿತ್ತು.
ಉಣ್ಣೆ ಕಾಲುಚೀಲದ ನುಸಿ ಓಡಿಸಬೇಕು.
ನೆಲ ಒರೆಸುವ ಬಕೀಟಿಗೆ ಎರಡು ಹನಿ,
ಇಸ್ತ್ರಿ ತಾಗಿದ ಬೆರಳಿಗೆ ಒಂದು.
ಚೇಳು ನುಸುಳದಿರಲೆಂದು ಗೋಡೆಯ ಬಿರುಕಿಗೆ ಒಣ ಕಡ್ಡಿ.
ನಿದ್ದೆ ಬಾರದ ಮಾವ ಪ್ರೋಶ್ಪೆರನ ದಿಂಬಿನಡಿ ನೀವಿಟ್ಟ ಚೀಲವನ್ನು
ಆತ ಕಿಟಕಿಯಾಚೆ ಎಸೆದು
"ಹಗಲೆಲ್ಲ ಇದನ್ನೇ ಕೊಯ್ದಿದ್ದೇನೆ,
ರಾತ್ರಿಯಾದರೂ ಬಿಡೇ ನನ್ನ" ಎಂದು ಕೂಗಿದ್ದು
ಊರಿಗೆಲ್ಲ ಕೇಳಿತ್ತಂತೆ.
ಆತನ ಶವಕ್ಕೆ ಹೊದಿಸಿದ ಬಿಳಿ ದುಪ್ಪಟಿಯ ಮಡಿಕೆಯಲ್ಲೂ
ಅದೇ ವಾಸನೆ. ಆ ಸಲ ಎಸೆಯಲಿಲ್ಲ.

ಬೇಸಿಗೆಯಲ್ಲಿ ಬಂದರಿನ ಮೇಜಿನ ಮೇಲೆ ಚೀಲ ಮಾರುವಾಗ
ಯಾರೋ ಜರ್ಮನ್ ಹೆಂಗಸು, ಇದರಲ್ಲಿ ಚಹಾ ಮಾಡಬಹುದೇ ಎಂದರೆ
"ಮಾಡು, ಮಿಕ್ಕದ್ದರಲ್ಲಿ ಬಟ್ಟೆ ಒಗೆ" ಎಂದವರು ನೀವು.

ಎರಡನೆ ಸಲ ಅರ್ಧ ಹಿಡಿ ಹಾಕಿದೆ.
"ಬೀರುವಿನ ಬಾಗಿಲು ಮಾತ್ರ" ಅಂದಿರಿ.
ಮತ್ತೆ ತಡೆಯಲಾರದೆ ನನ್ನ ಮಣಿಕಟ್ಟು ಹಿಡಿದು
ಹಿತ್ತಲಿನ ಮಳೆನೀರ ತೊಟ್ಟಿಯ ಹಿಂದಕ್ಕೆ ಎಳೆದೊಯ್ದಿರಿ.
"ಗುಡ್ಡದ ಮೇಲಿನದು ಎಣ್ಣೆ ಗಿಡ, ಹುಡುಗಿ.
ಕರ್ಪೂರ ತುಂಬಿದೆ ಅದರ ಮೈಯಲ್ಲಿ, ತಾಮ್ರದ ಹಂಡೆಗೇ ಸರಿ.
ಬಾಯಿಗಾದರೆ ಇದು, ಈ ಕುಳ್ಳಿ, ಸಣ್ಣೆಲೆಯದು.
ಹೂ ಬಿರಿಯುವ ಮುಂಚೆ ಮೊಗ್ಗನ್ನೇ ತೆಗೆ.
ಸಕ್ಕರೆಯ ಜೊತೆ ಅರೆ.
ಮೂರು ಬೆರಳ ಚಿಟಿಕೆಯಲ್ಲ, ಎರಡರದ್ದು.
ನಾಲಿಗೆಗೆ ಅನುಮಾನ ಬರಬೇಕು, ಸಾಕ್ಷಿ ಸಿಗಬಾರದು."

ಅರೆಯುತ್ತ ಕೇಳಿದೆ, ಸುಮ್ಮನೆ:
ಈ ಮನೆಯಲ್ಲಿ ಯಾರೂ ತಿನ್ನದ್ದರ ರುಚಿ
ನಿಮಗೆ ಹೇಗೆ ಗೊತ್ತು?

ನೀವು ಕೈ ಒರೆಸಿಕೊಂಡಿರಿ.
ಒಣಗಿದ್ದ ಕೈಯನ್ನು ಮತ್ತೆ ಒರೆಸಿಕೊಂಡಿರಿ.
ಯುದ್ಧದ ಚಳಿಗಾಲ. ಬೂರಾ ಗಾಳಿ ಕದ ಗುದ್ದುತ್ತಿತ್ತು.
ಅಪ್ಪ ಗುಡ್ಡದಲ್ಲಿ, ಅಮ್ಮ ಹಿಟ್ಟು ಹುಡುಕುತ್ತ ಪಕ್ಕದ ಊರಲ್ಲಿ,
ಬೂಟುಗಳು ಬೀದಿಯಲ್ಲಿ.
ಏಳು ವರ್ಷದ ಹುಡುಗಿ ಬೀರುವಿನೊಳಗೆ, ದುಪ್ಪಟಿಗಳ ಹಿಂದೆ.
ಎರಡು ಹಗಲು.
"ಮೊದಲು ಚೀಲವನ್ನು ಚೀಪಿದೆ. ಆಮೇಲೆ ದಾರ ಕಚ್ಚಿ ಬಿಚ್ಚಿದೆ.
ಐದು ಚೀಲ ಇದ್ದವು.
ಅಮ್ಮ ಬಂದವಳೇ ಬೈದಳು, ಬಟ್ಟೆಗೆ ನುಸಿ ಬೀಳುತ್ತಲ್ಲೇ ಅಂತ.
ಬೈದು, ನನ್ನ ಬಾಯಿ ಮೂಸಿ, ಕೂತು ಅತ್ತಳು."

ಇಷ್ಟೇ. ಆಮೇಲೆ, ಒಲೆ ಬಿಸಿಯಾಯಿತೇ ನೋಡು ಅಂದಿರಿ.

ಮೂರನೆ ಸಲದ್ದನ್ನೂ ನೀವು ಹೊಗಳಲಿಲ್ಲ.
ಹಿಟ್ಟು ಜಾಸ್ತಿ, ತಳ ಸೀದಿದೆ, ಅಂಚು ದಪ್ಪ.
ಮಕ್ಕಳು ಹಾಲಿಗೆ ಅದ್ದಿ ತಿಂದರು.
ತಟ್ಟೆ ಖಾಲಿಯಾದದ್ದು ಅವರಿಂದಲೇ ಎಂದುಕೊಂಡೆ.

ಶನಿವಾರ, ಒಗೆದ ಬಟ್ಟೆ ಮಡಿಸಿಡಲು
ನಿಮ್ಮ ಬೀರು ತೆರೆದೆ.
ಕೆಳಗಿನ ಹಲಗೆಯ ಮೂಲೆಯಲ್ಲಿ, ಹೊಸ ಚೀಲಗಳ ಪಕ್ಕ,
ಕಾಫಿಪುಡಿಯ ಹಳೆಯ ತಗಡಿನ ಡಬ್ಬಿ.
ಒಳಗೆ ಐದು ಬಿಸ್ಕತ್ತು.
ಒಂದರ ಅಂಚಿನಲ್ಲಿ ಹಲ್ಲಿನ ಗುರುತು.

ಮುಚ್ಚಳ ಒತ್ತಿ, ಮೇಲೆ ದುಪ್ಪಟಿ ಎಳೆದೆ.