ಸೀನು

ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ಹಾಡು.
ಕಾಲೇಜಿನಲ್ಲಿ ತೋರಿಸಿದಾಗ ಎಲ್ಲರೂ ಸೂಪರ್ ಅಂದರು.
ಸೂಪರ್ ಅಂದರೆ ಎಲ್ಲಿ ತಿದ್ದಬೇಕು?
ಗುಂಡೇರಾವ್ ಸರ್ ಮಾತ್ರ ಕನ್ನಡಕ ಒರೆಸುತ್ತ
"ಯಾರ ಮ್ಯಾಲಿನ ಹಾಡೋ, ಅವರಿಗಿ ತೋರ್ಸೀರೇನು?" ಎಂದು ಕೇಳಿ
ಉತ್ತರಕ್ಕೆ ನಿಲ್ಲದೆ ಬಸ್ಸು ಹಿಡಿಯಲು ಹೋದರು.

ಹಾಗಾಗಿ ಬುಧವಾರ ಸಂಜೆ
ಕಪನೂರಿನ ದಾಲ್ ಮಿಲ್ಲಿನ ಹಿಂದೆ
ತೊಗರಿ ಚೀಲಗಳ ಥಪ್ಪಿಗೆ ಬಿಳಿ ಚಾದರ ಕಟ್ಟಿದೆವು.
ಪಾಳಿ ಮುಗಿಸಿದ ಹದಿನೇಳು ಹೆಂಗಸರು
ಸೆರಗಿನಿಂದ ಮೊಣಕೈ ಝಾಡಿಸಿಕೊಂಡು ಕೂತರು.
ಚಿತ್ರಕ್ಕಿಂತ ಮೊದಲು
ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ಧೂಳು ಎದ್ದು ಕುಣಿಯಿತು.

ನಾನು ಚಾದರ ನೋಡಲಿಲ್ಲ, ಮುಖ ನೋಡಿದೆ,
ನೋಟ್‌ಬುಕ್ಕಿನಲ್ಲಿ ಸೆಕೆಂಡು ಬರೆದುಕೊಂಡೆ:
೦:೪೦ ಕಾಶಮ್ಮ ಎಲೆಅಡಿಕೆ ಸಂಚಿ ಬಿಚ್ಚಿದಳು.
೧:೫೨ "ನಡುವ ಕಿಲ್ಲಾ ಯಾಕ ಬಂತು?" ಖಾಜಾಬಿ.
೨:೩೦ ಎಲ್ಲರೂ ಮುಂದೆ ಬಾಗಿದರು
(ನೀರಿನ ಡ್ರಮ್ಮು, ಸರಪಳಿ ಹಾಕಿದ ಗ್ಲಾಸು,
ನಾವು ಏನೂ ಯೋಚಿಸದೆ ಹಿಡಿದಿದ್ದ ಶಾಟು).

ಹಾಡು ಮುಗಿಯಿತು. ಪ್ರೊಜೆಕ್ಟರಿನ ಫ್ಯಾನಿನ ಗುಂಯ್ ಅಷ್ಟೇ.
"ಛಲೋ ಅದ," ಅಂದರು ಒಬ್ಬರು, ನೆಂಟರ ಮನೆ ಉಪ್ಪಿಟ್ಟಿಗೆ ಅನ್ನುವ ಹಾಗೆ.
ಆಮೇಲೆ ದ್ರೌಪದಿಬಾಯಿ:
"ಛಲೋ ಅದ ಖರೆ, ಇದ್ರಾಗ ಒಂದೂ ಸೀನಿಲ್ಲಲ್ಲ?"

ಎರಡು ರಾತ್ರಿ ನಿದ್ದೆಗೆಟ್ಟು ಜೋಡಿಸಿದ್ದ ತಯ್ಯಬಾಳ ಮುಖ ಇಳಿಯಿತು.
"ಇಪ್ಪತ್ತಾರು ಸೀನ್ ಅದಾವ್ರಿ ಬಾಯಿ, ಎಣಿಸೀನಿ."
"ಏ ಹುಚ್ಚಿ, ಆ ಸೀನಲ್ಲ," ಎಂದವಳೇ ಮೂಗು ಹಿಂಡಿ
ಆಕ್ಷೀ! ಎಂದು ತೋರಿಸಿದಳು.
ಹದಿನೇಳೂ ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.
"ಧೂಳಿನ್ಯಾಗ ನಿಂತು ಹಾಡ್ತಾಳ ನಿಮ್ಮ ಹುಡುಗಿ,
ಮೂಗು ಒಂದೀಟು ಕೆಂಪಾಗಿಲ್ಲ.
ಯಾ ಮಿಲ್ಲಿನ್ಯಾಕಿ ಆಕಿ?"

ಬಾಗಿಲು ತೆರೆಯಿತು, ಇನ್ನು ಕೇಳಬೇಕೆ!
ಜರಡಿ ಹಿಡಿಯೋದು ಹಾಂಗಲ್ಲ, ಹೀಂಗ.
ಮೂಲ್ಯಾಗ ಬೆನ್ನು ಕಾಣತದಲ್ಲ, ಅದು ನಂದು.
ಮಾರಿ ತೆಗೀರಿ ಅನ್ನಲ್ಲ, ಹೆಸರರೆ ಹಾಕ್ರಿ.
ಮುನೀಮರು ಬಂದು, ಮಾಲೀಕರ ಫೋಟೋ ಶುರುವಿಗೇ ಇರಲಿ ಅಂದರು.
ತಯ್ಯಬಾ ಅದನ್ನೂ ಬರೆದುಕೊಂಡಳು,
ಹರಿದುಹೋಗುವ ಪುಟದಲ್ಲಿ.

ಕಿಲ್ಲಾ ಕತ್ತರಿಸುವಾಗ ಅಯ್ಯಣ್ಣ ಜಗಳಕ್ಕೇ ನಿಂತ.
ಬಾಡಿಗೆ ಡ್ರೋನು, ಹದಿನೈದು ನೂರು ರೂಪಾಯಿಯ ಆಕಾಶ,
ಒಂದು ಗುಂಡಿ ಒತ್ತಿದರೆ ಕಸದ ಬುಟ್ಟಿಗೆ.
ಅವನು ಹೊರಗೆ ಹೋಗಿ ಚಹಾ ಕುಡಿದು ಬಂದ,
ನಮಗೆ ತರಲಿಲ್ಲ.

ಸೀನು ಹಿಡಿಯುವುದು ಸುಲಭವೆಂದುಕೊಂಡಿದ್ದೆವು.
ಮೈಕು ಹಿಡಿದು ನಿಂತರೆ ಮಿಲ್ಲಿಗೆ ಮಿಲ್ಲೇ ಆರೋಗ್ಯವಾಗಿಬಿಟ್ಟಿತು!
ಮೂರನೇ ದಿನ ನಮ್ಮನ್ನು ಮರೆತರು,
ಆಗ ಸಿಕ್ಕವು: ಹನ್ನೊಂದು.
ಒಂದು ಬಟಾಣಿ ಸಿಡಿದಂತೆ, ಒಂದು ನುಂಗಿದಂತೆ,
ಒಂದು ಬಂದೂ ಬಾರದೆ ನಿಂತಿದ್ದು.
ತಾಳಕ್ಕೆ ಎಳೆದು ಕೂಡಿಸೋಣ ಅಂದ ಅಯ್ಯಣ್ಣ.
"ಸೀನು ನಿನ್ನ ಡೋಲು ಕೇಳಿ ಬರತದೇನು?"
ತಯ್ಯಬಾ ಡೋಲನ್ನೇ ನಿಲ್ಲಿಸಿದಳು.

ಅದೇ ಚಾದರ, ಅದೇ ಚೀಲ, ಇನ್ನೊಂದು ಬುಧವಾರ.
೨:೧೪ಕ್ಕೆ ಹಾಡು ತಡೆದು ನಿಂತು
ಚಾದರದೊಳಗಿಂದ ಯಾರೋ ಸೀನಿದರು.
"ನೂರು ವರ್ಷ ಬಾಳವ್ವಾ," ಎಂದಳು ದ್ರೌಪದಿಬಾಯಿ
ಪರದೆಗೆ,
ಅಭ್ಯಾಸಬಲದಿಂದ.
ಖಾಜಾಬಿ ತಿರುಗಿ ಅವಳನ್ನು ನೋಡಿದಳು. ಯಾರೂ ನಗಲಿಲ್ಲ.

ಪೆನ್ನು ಹಿಡಿದು ಕೂತಿದ್ದೆ, ಆ ಸೆಕೆಂಡಿನ ಎದುರು
ಏನು ಬರೆಯಲೂ ತೋಚಲಿಲ್ಲ.
ಕೆಳಗಿನ ಸಾಲಿನಲ್ಲಿ ಬರೆದೆ:
೩:೦೫ ಕಾಶಮ್ಮ ಮತ್ತೆ ಸಂಚಿ ಬಿಚ್ಚಿದಳು.
ಅಲ್ಲಿ ಇನ್ನೂ ಉದ್ದ ಅದ.